ಬ್ಯಾಟರಿ ಇಳಿಯದ ಬೆಳಿಗ್ಗೆಗಳು

ಅಕ್ಟೋಬರ್ 6, ಬೆಳಿಗ್ಗೆ

ಹೆಂಡತಿಯ ನೋಟ್‌ಬುಕ್ ಕದ್ದು ಓದುವ ಗಂಡಸಿಗೆ ನಾಚಿಕೆ ಅನ್ನುವುದು ಇರಬೇಕು. ಈ ವಯಸ್ಸಿನಲ್ಲೂ ಇದೇ ಚಾಳಿ! ಮುಚ್ಚಿಡಿ. ಹೋಗಿ ಗಾಡಿಯ ಮೇಲಿನ ಸೋಲಾರ್ ಪ್ಯಾನೆಲ್ ಒರೆಸಿ — ಹಕ್ಕಿ ಹಿಕ್ಕೆ ಹಾಕಿದೆ.

ಬ್ಯಾಟರಿ ಮೀಟರ್ ನೂರಕ್ಕೆ 66. ಮೋಡ.

ಅಕ್ಟೋಬರ್ 7

ಮತ್ತೆ ಮೋಡ. ಗಾಡಿಯ ಮುಂದಿನ ಕೆರೆಯೆಲ್ಲ ಬೂದಿ ಬಣ್ಣ. 55ಕ್ಕೆ ಇಳಿಯಿತು.

ಐವತ್ತರ ಕೆಳಗೆ ಇಳಿಸಿದರೆ ಬ್ಯಾಟರಿ ಹಾಳು ಎಂದು ಅಂಗಡಿಯವನು ಹೇಳಿದ್ದಾನೆ. ಇವರಿಗೋ ರಾತ್ರಿ ಉಸಿರಿನ ಮಷಿನ್ ಬೇಕೇ ಬೇಕು. ನಿದ್ದೆಯಲ್ಲಿ ಉಸಿರು ನಿಂತುನಿಂತು ಹೋಗುವ ಕಾಯಿಲೆ. ಅದಿಲ್ಲದೆ ಒಂದು ರಾತ್ರಿಯೂ ಮಲಗಕೂಡದು ಎಂಬ ಷರತ್ತಿನ ಮೇಲೇ ಡಾಕ್ಟರು ನಮ್ಮನ್ನು ಮನೆ ಬಿಟ್ಟು ಈ ಗಾಡಿಯಲ್ಲಿ ಇರಲು ಬಿಟ್ಟದ್ದು.

"ಐವತ್ತಕ್ಕೆ ಬಂತೋ, ಗಂಟುಮೂಟೆ ಕಟ್ಟಿ ಮನೆಗೆ," ಅಂದೆ.

"ನಾಳೆ ಬಿಸಿಲು ಬರುತ್ತೆ ಕಣೇ."

"ಯಾಕೆ, ನಿಮ್ಮನ್ನ ಕೇಳಿ ಬರುತ್ತಾ?"

ಅಕ್ಟೋಬರ್ 8

ಮೋಡವೇ. ಆದರೂ 54! ರಾತ್ರಿಯೆಲ್ಲ ಹೋದದ್ದು ಒಂದೇ. ಫ್ಯಾನ್ ತಂತಿ ಕಿತ್ತಿದ್ದೆ, ಒಂದೇ ದೀಪದಲ್ಲಿ ಊಟ ಮುಗಿಸಿದ್ದೆ. ಸಂಸಾರ ಮಾಡಿದ ಕೈ ಎಂದರೆ ಸುಮ್ಮನೆಯೇ?

"ನಿನ್ನ ಕೈಗುಣ," ಅಂದರು. ಹೊಗಳಿಕೆ! ಇವರ ಬಾಯಲ್ಲಿ!

ಅಕ್ಟೋಬರ್ 11

ಇದನ್ನು ಇವತ್ತೇ ಬರೆದಿಡಬೇಕು. ಅಕ್ಷರ ಸೊಟ್ಟಗಾದರೆ ಆಗಲಿ.

ಬೆಳಿಗ್ಗೆ ಟೀ ಲೋಟ ಹಿಡಿದೇ ತೂಕಡಿಸಿದರು. ಟೀ ತೊಡೆಯ ಮೇಲೆ. ಒರೆಸುವಾಗ ಮುಖ ನೋಡಿದೆ... ಕೆನ್ನೆ ನುಣ್ಣಗಿತ್ತು. ಉಸಿರಿನ ಮಷಿನ್ನಿನ ಮಾಸ್ಕ್ ಹಾಕಿ ಮಲಗಿದರೆ ಪಟ್ಟಿಯ ಗುರುತು ಮಧ್ಯಾಹ್ನದವರೆಗೂ ಹೋಗುವುದಿಲ್ಲ.

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಸುಳ್ಳು ಹೇಳಿದ್ರೆ ಲೋಟ ತಲೆ ಮೇಲೆ ಬೀಳುತ್ತೆ."

"...ನಾಲ್ಕು ರಾತ್ರಿ. ನೀನು ಮಲಗಿದ ಮೇಲೆ ಆಫ್ ಮಾಡ್ತಿದ್ದೆ."

ಕಿವಿಯ ಮಷಿನ್ ತೆಗೆದಿಟ್ಟು ಮಲಗುವವಳು ನಾನು. ಪಕ್ಕದಲ್ಲಿ ಗುಡುಗಿದರೂ ತಿಳಿಯದು. ಕೈಗುಣವಂತೆ! ಹೊಗಳಿದಾಗಲೇ ಅನುಮಾನ ಬರಬೇಕಿತ್ತು.

"ಯಾಕ್ರೀ?"

"ಐವತ್ತಾದ್ರೆ ಹೊರಡೋದು ಅಂದೆಯಲ್ಲ. ಇಲ್ಲಿ ನೀನು ಪಾತ್ರೆ ತೊಳೀತಾ ಹಾಡ್ತೀಯ. ಮನೇಲಿ ಒಂದು ದಿನಾನೂ ಹಾಡಿಲ್ಲ."

"ನಿಮ್ಮ ಹೆಣದ ಪಕ್ಕ ಕೂತು ಹಾಡ್ಲಾ?"

ಎದ್ದು ಹೋಗಿ ಫ್ರಿಜ್ ಖಾಲಿ ಮಾಡಿದೆ, ಅದರ ಸ್ವಿಚ್ ತೆಗೆದೆ. ಇವರು ಎಂಜಿನ್ ಹಾಕಿ ಗಾಡಿಯನ್ನು ಮರದ ಕೆಳಗಿನಿಂದ ಬಯಲಿಗೆ ತಂದು ನಿಲ್ಲಿಸಿದರು. ಬ್ಯಾಟರಿಗೆ ಸ್ವಲ್ಪ ಜೀವ ಬರಲಿ ಎಂದು ಎಂಜಿನ್ ಓಡಿಸಿಕೊಂಡೇ ಕೂತರು. ನೆರಳು ನೆರಳು ಎಂದು ಆ ಮರ ಹುಡುಕಿದವರೂ ಇವರೇ.

ಅಕ್ಟೋಬರ್ 12

ಮೀಟರ್ 49. ಬೈಯಲಿಲ್ಲ, ಗಂಟುಮೂಟೆಯ ಮಾತೂ ಎತ್ತಲಿಲ್ಲ. ಕೆನ್ನೆಯಲ್ಲಿ ಎರಡು ಕೆಂಪು ಗೆರೆ — ಹೆಬ್ಬೆರಳಿನಿಂದ ಒತ್ತಿ ನೋಡಿದೆ.

"ತನಿಖೆ ಮುಗೀತಾ?" ಅಂದರು.

"ನಾಳೇನೂ ಇದೆ."

ಹತ್ತು ಗಂಟೆಗೆ ಬಿಸಿಲು ಬಿತ್ತು.

ಅಕ್ಟೋಬರ್ 25, ಮಧ್ಯಾಹ್ನ

ಬರೆಯುವುದಕ್ಕೆ ಏನೂ ಇರಲಿಲ್ಲ, ಅದೇ ಒಳ್ಳೆಯದು. ಮಷಿನ್ ಓಡುತ್ತಿದೆ. ಬಯಲಿನಲ್ಲಿ ಬೇಯುತ್ತಿದ್ದೇವೆ. ಹಾಲಿಲ್ಲದ ಟೀಗೂ ನಾಲಿಗೆ ಒಗ್ಗಿತು.

ಆದರೆ ಸೂರ್ಯ ಮೂರೂವರೆಗೇ ಗುಡ್ಡದ ಹಿಂದೆ ಹೋಗುತ್ತಿದ್ದಾನೆ. ಮುಂದಿನ ತಿಂಗಳು ಇನ್ನೂ ಬೇಗ. ಬ್ಯಾಟರಿ ಸಾಲುವುದಿಲ್ಲ. ಇನ್ನೊಂದು ಬ್ಯಾಟರಿ ಹಾಕಿಸಿ ಇಲ್ಲೇ ಇರುವುದೋ, ಕರೆಂಟ್ ಪ್ಲಗ್ ಇರುವ ಕ್ಯಾಂಪಿಗೆ ಹೋಗುವುದೋ, ಮನೆಗೋ? ಬಾಯಿಬಿಟ್ಟು ಕೇಳಿದರೆ "ನಿನ್ನಿಷ್ಟ" ಅನ್ನುತ್ತೀರಿ. ನಲವತ್ತು ವರ್ಷದಿಂದ ಅದೊಂದೇ ಉತ್ತರ. ನನ್ನಿಷ್ಟ ನನಗೆ ಗೊತ್ತು ಮಹಾರಾಯರೇ, ನಿಮ್ಮದು ಬರೆಯಿರಿ. ಹೇಗೂ ಓದುತ್ತೀರಿ. ಕೆಳಗೆ ಜಾಗ ಬಿಟ್ಟಿದ್ದೇನೆ. ನವೆಂಬರ್ ಹುಟ್ಟುವುದರೊಳಗೆ ಉತ್ತರ ಇಲ್ಲಿರಬೇಕು. ಇನ್ನು ನಿನ್ನಿಷ್ಟ ಎಂದೇ ಬರೆದಿರೋ —