ತಂಗಿಗೆ ಹೇಳಿದ ಹಳೇ ಲೆಕ್ಕ

ಆಗಸ್ಟ್ ೧೨, ಮಂಗಳವಾರ

ಸಿಟ್ಟು ಬಂದಾಗ ಬರಿ ಎಂದು ಮೊಮ್ಮಗಳು ಈ ಪುಸ್ತಕವನ್ನು ನನ್ನ ತಲೆಗೆ ಕಟ್ಟಿದ್ದಾಳೆ. ಇವತ್ತು ಬಂದಿರುವುದು ಸಿಟ್ಟಲ್ಲ, ನಾಚಿಕೆ. ಅದಕ್ಕೆ ಯಾವ ಪುಸ್ತಕ?

ಅಣೆಕಟ್ಟಿನ ಗೇಟು ಎತ್ತುವವನು ನಾನು. "ಇನ್ನೂ ತುಂಬಿಲ್ಲ, ಇವತ್ತು ನೀರು ಬಿಡಲ್ಲ" ಎಂದು ಕೆಳಗಿನ ದಡದಲ್ಲಿ ಇಟ್ಟಿಗೆ ಮಾಡುವ ತಂಗಿಗೆ ಬೆಳಿಗ್ಗೆ ಹೇಳಿದ್ದೆ. ತಿಂಗಳಿಡೀ ಬರುತ್ತಿದ್ದ ಮಳೆ ಈಗೀಗ ಒಂದೇ ಮಧ್ಯಾಹ್ನ ಸುರಿದುಬಿಡುತ್ತದೆ. ಗೊತ್ತಿದ್ದೂ ಹಳೇ ಲೆಕ್ಕ ನಂಬಿದೆ. ಸಂಜೆ ಎಲ್ಲ ಗೇಟುಗಳನ್ನೂ ಎತ್ತಬೇಕಾಯಿತು. ಅವಳ ಹಸಿ ಇಟ್ಟಿಗೆಯೆಲ್ಲ ಕೆಸರು.

"ನಮ್ಮಣ್ಣನೇ ಗೇಟಲ್ಲಿದ್ದಾನೆ ಅಂತ ಎಲ್ಲರ ಹತ್ರ ಜಂಬ ಕೊಚ್ಚಿದ್ದೆ ಅಣ್ಣಾ," ಎಂದಳು ಫೋನಿನಲ್ಲಿ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ನಾಳೆ ಇಂಜಿನಿಯರನ್ನೇ ಕೇಳುತ್ತೇನೆ. ಮಳೆಗೆ ಮುಂಚೆಯೇ ನೀರು ಬಿಟ್ಟು ಜಲಾಶಯದಲ್ಲಿ ಜಾಗ ಮಾಡುತ್ತೀರೋ, ಇಲ್ಲವೋ? ಶುಕ್ರವಾರದೊಳಗೆ ಉತ್ತರ ಬೇಕು.