ಎರಡು ಚರ್ಚಿನ ಮನೆ

ಜನವರಿ ೮, ಬುಧವಾರ

ಬೆಳಿಗ್ಗೆಯೆಲ್ಲ ಮನೆ ಒರೆಸಿದೆ. ಸೊಂಟ ಬಿದ್ದುಹೋಯಿತು. ಒರೆಸಿ ಏನು ಪ್ರಯೋಜನ! ಮನೆ ಆಶೀರ್ವಾದದ ಸಮಯ ಶುರುವಾಗಿದೆ. ಮೇಲಿನ ಚರ್ಚಿನ ಫಾದರ್ ಲೂಯಿಸ್ ತಮ್ಮ ಮನೆಗಳಿಗೆ ಹೋಗುತ್ತಿದ್ದಾರೆ, ಕೆಳಗಿನ ಚರ್ಚಿನ ಪಾದ್ರಿ ಗೀವರ್ಗೀಸ್ ಅಚ್ಚನ್ ತಮ್ಮ ಮನೆಗಳಿಗೆ. ನಮ್ಮದು ಎರಡಕ್ಕೂ ಸೇರಿಲ್ಲ. ನಾನು ಮೇಲಿನ ಚರ್ಚಿನವಳು, ಪೌಲೋಸ್ ಕೆಳಗಿನ ಚರ್ಚಿನವ. ಮದುವೆಯಾದಾಗ ಯಾವ ಚರ್ಚಿಗೆ ಸೇರುತ್ತೀರಿ ಎಂದು ಇಬ್ಬರು ಪಾದ್ರಿಗಳೂ ಕೇಳಿದರು. ಎರಡಕ್ಕೂ, ಎಂದ ಪೌಲೋಸ್. ಅಲ್ಲಿಗೆ ಮುಗಿಯಿತು. ಮನೆ ಕಟ್ಟಿ ವರ್ಷಗಳಾದವು, ಒಂದು ಹನಿ ತೀರ್ಥ ಬಿದ್ದಿಲ್ಲ.

ಸಂಜೆ ಅವನ ವಾಯ್ಸ್ ಮೆಸೇಜ್, ದಕ್ಷಿಣ ಸುಡಾನಿನಿಂದ. ಕೊಪ್ಪ, ಶೃಂಗೇರಿ ಎಂದು ಪಂಪು ರಿಪೇರಿಗೆ ಅಲೆಯುತ್ತಿದ್ದವ ಈಗ ಅಲ್ಲಿ ಶಾಂತಿ ತಂಡದಲ್ಲಿ ಪಂಪು ಬಿಚ್ಚುತ್ತಾನೆ. ದನಗಳಿಗಾಗಿ ಬಂದೂಕು ಹಿಡಿಯುವ ಎರಡು ಊರು, ನಡುವೆ ಒಂದೇ ಬೋರ್. ತಂಡದಲ್ಲಿ ಎಲ್ಲ ಚರ್ಚಿನವರೂ ಇದ್ದಾರೆ. ಒಂದೇ ಜೀಪು, ಒಂದೇ ಸಾರು.

"ಇಲ್ಲಿ ಆಗ್ತದೆ, ನಮ್ಮೂರಲ್ಲಿ ಎಂತಕ್ಕೆ ಆಗಲ್ಲ? ಫಾದರೂ ಅಚ್ಚನೂ ಒಟ್ಟಿಗೆ ನಮ್ಮ ಗೇಟು ದಾಟಿದ ದಿನ ಬ್ಯಾಗ್ ಕಟ್ತೀನಿ ಸಾರಾ. ಆವತ್ತೇ ವಾಪಸ್."

ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಅವನು ಬರಬೇಕು, ಅಷ್ಟೆ.

ಜನವರಿ ೧೧, ಶನಿವಾರ

ಪಕ್ಕದ ಮನೆ ಅನ್ನಪೂರ್ಣಮ್ಮ ಅವರೆಕಾಯಿ ತಂದುಕೊಟ್ಟರು. ನನ್ನ ಗೋಳು ಕೇಳಿ ನಕ್ಕರು.

"ಎಂತ ಮಾರಾಯ್ತಿ, ಇರೋದು ಒಬ್ನೇ ದೇವರು ಅಂತೀರಿ. ಮತ್ತೆ ಈ ಜಗಳ ಎಂತಕ್ಕೆ? ಇಬ್ರಿಗೂ ಒಂದೇ ಹೊತ್ತಿಗೆ ಬರಕ್ಕೆ ಹೇಳು. ಎದುರಿಗೆ ಸಿಕ್ಕಿದ್ಮೇಲೆ ಕಾಫಿ ಬೇಡ ಅಂತಾರಾ?"

ಫೋನ್ ಮಾಡಿಯೇಬಿಟ್ಟೆ. ಮಂಗಳವಾರ ಸಂಜೆ, ಇಬ್ಬರಿಗೂ. ಒಬ್ಬರು ಬರುವುದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ಮನೆ ಕೊನೆಗೂ ತಮ್ಮ ಚರ್ಚಿಗೆ ಸೇರಿತು ಎಂದು ಇಬ್ಬರಿಗೂ ಖುಷಿಯಾದಂತಿತ್ತು. ನಾನು ಹಾಗೆ ಹೇಳಿಲ್ಲ. ಅಲ್ಲವೆಂದೂ ಹೇಳಿಲ್ಲ.

ಸಂಜೆಯ ಮೆಸೇಜ್ ಚಿಕ್ಕದು. ತಂಡದ ಡ್ರೈವರನ್ನು ದಾರಿಯಲ್ಲಿ ಬಂದೂಕಿನವರು ತಡೆದು, ಬೂಟು ಬಿಚ್ಚಿಸಿ ಕಳಿಸಿದರಂತೆ.

"ನೀನು ತಲೆ ಕೆಡಿಸ್ಕೋಬೇಡ. ನಂಗೇನಾದ್ರೂ ಆದ್ರೆ ಆಫೀಸಿನೋರು ನಿಂಗೆ ಫೋನ್ ಮಾಡಲ್ಲ, ಚರ್ಚಿನೋರ ಹತ್ರ ಹೇಳಿಸ್ತಾರೆ. ಎರಡೂ ಚರ್ಚಿನ ನಂಬರ್ ಕೊಟ್ಟಿದ್ದೀನಿ. ಹಾಗಾಗಿ ಫೋನ್ ಬಂದ್ರೆ ಹೆದರಬೇಡ."

ಸಮಾಧಾನ ಮಾಡುವ ರೀತಿಯೇ ಇದು? ಮೈ ಉರಿಯಿತು.

ಜನವರಿ ೧೪, ಮಂಗಳವಾರ

ಕೆಟ್ಟುಹೋಯಿತು. ಫಾದರ್ ಲೂಯಿಸ್ ಮೊದಲು ಬಂದರು. ಅವರ ಸ್ಕೂಟರಿಗೆ ದೊಡ್ಡ ಕೆಂಪು ಶಿಲುಬೆಯ ಸ್ಟಿಕರ್, ಎನ್.ಆರ್. ಪುರಕ್ಕೆಲ್ಲ ಗೊತ್ತು. ಅದನ್ನು ಗೇಟಿನ ಮುಂದೆಯೇ ನಿಲ್ಲಿಸಿದ್ದರು. ಅಚ್ಚನ ಕಾರು ತಿರುವಿನವರೆಗೆ ಬಂತು. ನಿಂತಿತು. ಹಾಗೇ ರಿವರ್ಸ್ ಹೋಯಿತು. ಫಾದರ್ ಜಗಲಿಯಿಂದ ಎಲ್ಲ ನೋಡಿದರು.

"ಇದೆಂತ ನಾಟಕ ಸಾರಾಮ್ಮ? ಪ್ರಾರ್ಥನೆಗೂ ಒಂದು ಕ್ರಮ ಅಂತ ಇದೆ."

ತೀರ್ಥದ ಬಾಟಲಿಯ ಮುಚ್ಚಳವನ್ನೂ ತೆರೆಯದೆ ಎದ್ದು ಹೋದರು. ಮೂರು ಲೋಟ ಕಾಫಿಯನ್ನೂ ನಾನೇ ಕುಡಿದೆ. ಕೂತು ಅತ್ತೆ. ಇಬ್ಬರನ್ನೂ ಬಾಯಿಗೆ ಬಂದಂತೆ ಬೈದೆ. ಏಸು ಕೇಳಿಸಿಕೊಂಡಿರಬೇಕು, ಕೇಳಲಿ.

ಪೌಲೋಸನ ಮೆಸೇಜ್ ಇಲ್ಲ.

ಜನವರಿ ೧೬, ಗುರುವಾರ

ಬಂತು! ಪಂಪು ರೆಡಿಯಂತೆ. ನಾಳೆ ಎರಡೂ ಊರಿನ ಹಿರಿಯರು ಒಟ್ಟಿಗೆ ನೀರು ಕುಡಿಯುತ್ತಾರೆ. ದನಿಯಲ್ಲಿ ಹಬ್ಬ. ಕೊನೆಯಲ್ಲಿ ಮಾತ್ರ ತಗ್ಗಿಸಿ ಹೇಳಿದ:

"ಇವತ್ತು ಸುತ್ತಮುತ್ತ ಒಂದೂ ದನ ಕಾಣ್ತಿಲ್ಲ. ರಾತ್ರೋರಾತ್ರಿ ಎಲ್ಲಿಗೆ ಹೊಡ್ಕೊಂಡು ಹೋದ್ರೋ..."

ಜಗಳಕ್ಕೆ ಮೊದಲು ದನಗಳನ್ನು ದೂರ ಸಾಗಿಸಿಬಿಡುತ್ತಾರೆ ಎಂದು ಒಮ್ಮೆ ಅವನೇ ಹೇಳಿದ್ದ. ಮರೆತನೇ? ನನಗೆ ಗೊತ್ತಾಗಬಾರದೆಂದು ಮರೆತವನಂತೆ ಮಾಡಿದನೇ? ಮತ್ತೆ ಮತ್ತೆ ಹಾಕಿ ಕೇಳಿದೆ. ಮೊದಲೆಲ್ಲ ಅವನ ಮಾತಿನ ಹಿಂದೆ ದನ ಕೂಗುವುದು ಕೇಳುತ್ತಿತ್ತು.

ಜನವರಿ ೧೯, ಭಾನುವಾರ

ಏನೂ ಇಲ್ಲ. ಶುಕ್ರವಾರವೂ ಇಲ್ಲ, ನಿನ್ನೆಯೂ ಇಲ್ಲ. ಕಳಿಸಿದ್ದಕ್ಕೆಲ್ಲ ಒಂದೇ ಟಿಕ್.

ಕ್ರೈಸ್ತ ಐಕ್ಯತೆಯ ವಾರವಂತೆ. ಎರಡೂ ಚರ್ಚಿಗೆ ಹೋದೆ. ಎರಡರಲ್ಲೂ ಒಂದೇ ಪ್ರಸಂಗ, ನಾವೆಲ್ಲರೂ ಒಂದಾಗಬೇಕು. ಫಾದರ್ ನನ್ನ ಮುಖ ನೋಡಲಿಲ್ಲ. ಅಚ್ಚನ್ ಹೊರಗೆ ಬಂದು ಕೇಳಿದರು.

"ಪೌಲೋಸ್ ಸುದ್ದಿ ಏನಾದ್ರೂ ಉಂಟಾ?"

"ಟವರ್ ಇರಲ್ಲ ಅಚ್ಚಾ ಅಲ್ಲಿ."

ಮಂಡಿಯೂರಿ ಒಂದನ್ನೇ ಬೇಡಿದೆ. ಇವರಿಬ್ಬರೂ ಒಟ್ಟಿಗೆ ನನ್ನ ಮನೆಗೆ ಬರಲಿ. ಅವನು ಮಾತಿಗೆ ತಪ್ಪುವವನಲ್ಲ.

ಜನವರಿ ೨೨, ಬುಧವಾರ

ಪೌಲೋಸನ ತಂಡದ ಆಫೀಸಿಗೆ ನಾನೇ ಫೋನ್ ಮಾಡಿದೆ. ರಸ್ತೆ ಮುಚ್ಚಿದೆ, ಕಾಯಿರಿ ಎಂದರು. ಯಾಕೆ ಮುಚ್ಚಿದೆ? ಕಾಯಿರಿ.

ಅನ್ನಪೂರ್ಣಮ್ಮ ಬಂದು ಕೂತಿದ್ದರು. "ಸುದ್ದಿ ಬತ್ತದೆ ಬಿಡು" ಎಂದರು. ತಮಾಷೆ ಮಾಡಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಜನವರಿ ೨೪, ಶುಕ್ರವಾರ, ಮಧ್ಯಾಹ್ನ

ಬಟ್ಟೆ ಮಡಚುತ್ತಿದ್ದೆ. ಸ್ಕೂಟರ್ ಸದ್ದು. ಕಿಟಕಿಯಿಂದ ನೋಡಿದೆ. ಕೆಂಪು ಸ್ಟಿಕರ್. ಫಾದರ್ ಲೂಯಿಸ್. ಅವರ ಹಿಂದಿನ ಸೀಟಿನಲ್ಲಿ, ಅವರ ಹೆಗಲು ಹಿಡಿದುಕೊಂಡು, ಗೀವರ್ಗೀಸ್ ಅಚ್ಚನ್.

ಅಂಗಳದಿಂದ ಅನ್ನಪೂರ್ಣಮ್ಮ ಕೂಗಿದರು. "ಸಾರಾ! ಬಂದ್ರು ಮಾರಾಯ್ತಿ! ಇಬ್ರೂ ಒಟ್ಟಿಗೇ! ಕಾಫಿಗೆ ಇಡು!"

ಬಾಗಿಲಿಗೆ ಚಿಲಕ ಹಾಕಿ ಬಂದು ಇಲ್ಲಿ ಕೂತಿದ್ದೇನೆ. ಇಲ್ಲಿಂದ ಗೇಟು ಕಾಣುತ್ತದೆ. ತೀರ್ಥದ ಬಾಟಲಿ ಇಬ್ಬರ ಕೈಯಲ್ಲೂ ಇಲ್ಲ. ಎರಡೂ ಚರ್ಚಿನ ನಂಬರ್ ಕೊಟ್ಟಿದ್ದೇನೆಂದು ಅವನು ಹೇಳಿದ್ದ. ಅನ್ನಪೂರ್ಣಮ್ಮ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟರು.

ಕರ್ತನೇ, ಬೇಡ. ಜಗಳವಾಡಲಿ. ವಾಪಸ್ ಹೋಗಲಿ. ಈ ಮನೆಗೆ ಯಾವ ಚರ್ಚೂ ಬೇಡ.

ಇನ್ನೂ ದಾಟಿಲ್ಲ. ದಾಟಿದ ದಿನ ಬರುತ್ತೇನೆಂದಿದ್ದ. ನಾನು ಬರೆಯುತ್ತಲೇ ಇರುತ್ತೇನೆ. ಬರೆಯುವವರೆಗೆ ಅವರು ಗೇಟಿನ ಆಚೆಗೇ...

ಅಚ್ಚನ್ ಗೇಟಿಗೆ ಕೈ ಹಾಕಿದರು. ಫಾದರ್ ಅವರ ತೋಳು ಹಿಡಿದು