ಮೂರರಲ್ಲೂ ಅದೇ ತಗ್ಗು

ಲೈಡನ್
ನವೆಂಬರ್ ೯, ಭಾನುವಾರ

ರುಟ್ಗರ್,

‘ಪ್ರೀತಿಯ’ ಎಂದು ಬರೆಯಲು ಹೋಗಿ ಕೈ ತಡೆಯಿತು. ಬರಿ ಹೆಸರು ಬರೆದರೆ ಬೈಯಲು ಕೂತಂತೆ ಕಾಣುತ್ತದೆ. ಎರಡರ ನಡುವೆ ಎಲ್ಲೋ ಇದ್ದೇನೆ ಎಂದುಕೊಂಡು ಓದು. ನೀನು ಪಕ್ಕದ ಕೋಣೆಯಲ್ಲೇ ಇದ್ದೀಯ, ಕೆಮ್ಮುವುದು ಕೇಳುತ್ತಿದೆ. ಆದರೆ ಅಡುಗೆಮನೆಯಲ್ಲಿ ಎದುರುಬದುರು ನಿಂತರೆ ನಮಗೆ ಮೂರನೆಯ ಮಾತಿಗೇ ಜಗಳ ಹತ್ತುತ್ತದೆ.

ವಿಚ್ಛೇದನವಾಗಿ ವರ್ಷ ಕಳೆಯಿತು. ಈ ಊರಿನಲ್ಲಿ ಖಾಯಂ ನೌಕರಿ ಇಲ್ಲದವರಿಗೆ ಯಾರೂ ಮನೆ ಕೊಡುವುದಿಲ್ಲ. ಖಗೋಳ ವಿಭಾಗದಲ್ಲಿ ನಮ್ಮಿಬ್ಬರದೂ ಗುತ್ತಿಗೆ ಕೆಲಸ. ಹಾಗಾಗಿ ಫ್ರಿಜ್ಜಿನ ಮೇಲಿನ ಅರ್ಧ ನಿನ್ನದು, ಕೆಳಗಿನದು ನನ್ನದು. ಕೆಳಮನೆಯ ಹೆರ್ಮಿನಾ ಅಜ್ಜಿ ಮೊನ್ನೆ ಮೆಟ್ಟಿಲ ಮೇಲೆ ತಡೆದು, “ಬಿಟ್ಟಮೇಲೂ ಒಂದೇ ಸೂರಡೀಲಿ ಇರೋದಾದ್ರೆ ಮದ್ವೆಗೇನು ರೋಗ ಬಂದಿತ್ತಮ್ಮಾ?” ಎಂದರು. ನಕ್ಕೆ. ಮೇಲೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗು ಬರಲಿಲ್ಲ.

ನಮ್ಮಿಬ್ಬರ ಲೇಖನದಲ್ಲಿ ಏನು ಬರೆದೆವು, ನೆನಪಿಸಿಕೋ. ದೂರದ ಗ್ಯಾಲಕ್ಸಿಯ ನಡುವೆ ಉರಿಯುವ ಆ ಕ್ವೇಸಾರ್‌ನ ಎಕ್ಸ್-ರೇ ಬೆಳಕಿನ ನಕ್ಷೆಯಲ್ಲಿ ಒಂದು ಕಡೆ ತಗ್ಗು ಕಂಡಿದೆ. ಅದರ ಕಪ್ಪುಕುಳಿಯ ಸುತ್ತಲಿಂದ ಭಾರೀ ವೇಗದಲ್ಲಿ ಹೊರನುಗ್ಗುವ ಅನಿಲವೇ ಅಷ್ಟು ಬೆಳಕನ್ನು ನುಂಗಿದೆ ಎಂದೆವು. ಆ ಅನಿಲದ ಗಾಳಿಯಿಂದ ನಿನಗೆ ಹೆಸರು ಬಂತು, ಖಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಕಳೆದ ತಿಂಗಳು ನಾನು ಅದೇ ಬಾಹ್ಯಾಕಾಶ ದೂರದರ್ಶಕ ನೋಡಿದ್ದ ಇನ್ನೆರಡು ಕ್ವೇಸಾರ್‌ಗಳನ್ನು ತೆಗೆದು ನೋಡಿದೆ. ಬೇರೆ ಬೇರೆ ದಿಕ್ಕು, ಬೇರೆ ಬೇರೆ ದೂರ. ಗಾಳಿಯಾಗಿದ್ದರೆ ತಗ್ಗು ಒಂದೊಂದರಲ್ಲಿ ಒಂದೊಂದು ಕಡೆ ಇರಬೇಕಿತ್ತು. ಮೂರರಲ್ಲೂ ಅದೇ ಜಾಗದಲ್ಲಿತ್ತು. ಅದು ಕ್ವೇಸಾರ್‌ನದಲ್ಲ, ದೂರದರ್ಶಕದ್ದೇ ದೋಷ.

ನಿನಗೆ ತೋರಿಸಿದಾಗ ನೀನು ಬ್ರೆಡ್ಡಿಗೆ ಚೀಸ್ ಕೊಯ್ಯುತ್ತಿದ್ದೆ. ನಿನಗೆ ಅರ್ಥವಾಯಿತೆಂದು ನಿನ್ನ ಕಿವಿ ಕೆಂಪಾದದ್ದರಲ್ಲೇ ತಿಳಿಯಿತು. “ಸಂದರ್ಶನ ಮುಗಿಯೋ ತನಕ ಬಾಯಿ ಮುಚ್ಕೊಂಡಿರು, ಮಿರ್ತೆ,” ಎಂದೆ ನೀನು. “ಕೆಲ್ಸ ಸಿಕ್ರೆ ತಾನೆ ನಂಗೆ ಮನೆ ಸಿಗೋದು? ನಾನು ಹೋದ್ರೆ ತಾನೆ ನಿಂಗೆ ಬಿಡುಗಡೆ?”

ಆ ಮಾತು ನನ್ನನ್ನು ಕಟ್ಟಿಹಾಕಿತು. ಹೇಳಿದರೆ ನಿನ್ನ ಕೆಲಸ ಕೈತಪ್ಪುತ್ತದೆ, ಇಬ್ಬರೂ ಇಲ್ಲೇ ಕೊಳೆಯುತ್ತೇವೆ. ಹೇಳದಿದ್ದರೆ ನನ್ನ ಬಿಡುಗಡೆಯೂ ಸುಳ್ಳಿನಿಂದ ಬಂದದ್ದಾಗುತ್ತದೆ. ಹೇಗೋ ಸುಮ್ಮನಿದ್ದೆ. ಗುರುವಾರದ ಸಭೆಯಲ್ಲಿ ಹೆಲ್ಸಿಂಕಿಯ ಸಂಶೋಧಕರು ನಮ್ಮ ಲೇಖನದ ಚಿತ್ರವನ್ನೇ ಪರದೆಗೆ ಹಾಕಿ, ಇಂಥದೇ ಗಾಳಿ ಹುಡುಕುವುದಕ್ಕೆ ಮೂರು ವರ್ಷದ ಯೋಜನೆ ಹಾಕಿದ್ದೇವೆ ಎಂದರು. ನೀನು ಹೂಂಗುಟ್ಟಿದೆ. ನಾನೂ ಹೂಂಗುಟ್ಟಿದೆ. ಮನೆಗೆ ಬಂದು ತಿದ್ದುಪಡಿ ಬರೆಯಲು ಕೂತೆ.

ನಿನ್ನೆ ಅದನ್ನು ನಮ್ಮ ಲೇಖನ ಬಂದ ಪತ್ರಿಕೆಯ ಸಂಪಾದಕರಿಗೆ ಕಳಿಸಿದೆ. ನಿನ್ನ ಹೆಸರಿಗೆ ಜಾಗ ಬಿಟ್ಟಿದ್ದೇನೆ. ಸಹಿ ಹಾಕಿದರೆ, ತಮ್ಮ ತಪ್ಪನ್ನು ತಾವೇ ತಿದ್ದಿಕೊಂಡವರು ಎಂದಾದರೂ ಆದೀತು. ಹಾಗಂತ ಕೆಲಸ ಉಳಿಯುತ್ತದೆ ಎಂದು ಆಸೆ ತೋರಿಸಲಾರೆ.

ಬಟಾಣಿ ಸೂಪು ಒಲೆಯ ಮೇಲಿದೆ, ನಿನಗೂ ಸೇರಿಸಿ ಮಾಡಿದ್ದೇನೆ. ಜಗಳವಾಡುವುದಿದ್ದರೆ ಉಂಡಮೇಲೆ ಆಡೋಣ.

ಇಂತಿ,
ಮಿರ್ತೆ

ತಾ.ಕ.: ಆಗಸ್ಟಿನಲ್ಲಿ ಹಾರ್ಲೆಮ್‌ನ ಗೆಳತಿಯೊಬ್ಬಳು ತನ್ನ ಮೇಲ್ಮಹಡಿಗೆ ಬಂದಿರು, ಎಷ್ಟು ದಿನವಾದರೂ ಇರು ಎಂದು ಕರೆದಿದ್ದಳು. ರೈಲಿನಲ್ಲಿ ಇಪ್ಪತ್ತೇ ನಿಮಿಷ, ಆದರೂ ಓಡಾಟ ಕಷ್ಟ ಎಂದು ಹೇಳಿ ಬೇಡವೆಂದೆ. ನಿನಗೆ ಹೇಳಲೇ ಇಲ್ಲ.